ದೊಡ್ಡಿಯ ದನ, ಕೊಟ್ಟಿಗೆಯ ಹಸು, ಒಂದೇ ಪುಡಿ

ರಾಮಾಪುರದ ಕಡೆ ಹಸು ಬೆದೆಗೆ ಬರುತ್ತಿಲ್ಲ ಎಂದರೂ, ಇಂಜೆಕ್ಷನ್ ಕೊಡಿಸಿದ ಮೇಲೂ ಗಬ್ಬ ನಿಲ್ಲುತ್ತಿಲ್ಲ ಎಂದರೂ, ಕರು ಗೋಡೆ ನೆಕ್ಕುತ್ತಿದೆ ಎಂದರೂ ಪಶುವೈದ್ಯರ ಬಾಯಿಂದ ಮೊದಲು ಬರುವ ಪ್ರಶ್ನೆ ಒಂದೇ: ‘ಮಿನರಲ್ ಮಿಕ್ಸ್ಚರ್ ಹಾಕ್ತಿದ್ದೀರಾ?’ ಹಸು ಸಾಕುವ ಹೆಣ್ಣುಮಗಳ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಒಂದ್ ಪಾಕೀಟು ತಂದು ಹಾಕುದೊ ಸಾ, ಆಮೇಲೆ ಬುಟ್ಬುಟ್ಟೊ.’ ಬಿಟ್ಟಿದ್ದು ಯಾಕೆ ಎಂದು ಕೇಳಿದರೆ ದುಡ್ಡಿನ ಮಾತು ಆಮೇಲೆ ಬರುತ್ತದೆ. ಮೊದಲು ಬರುವುದು ಹುಲ್ಲಿನ ಮಾತು. ಹುಲ್ಲೇ ಸಾಲದ ಮೇಲೆ ಖನಿಜ ಮಿಶ್ರಣದ ಪುಡಿ ಹಾಕಿ ಏನು ಫಲ ಎನ್ನುವುದು ಆಕೆಯ ವಾದ.

ಈ ಎರಡು ಮಾತುಗಳಲ್ಲಿ ಯಾವುದು ಸರಿ ಎಂದು ತೂಗಿ ನೋಡುವುದು ನನ್ನ ಉದ್ದೇಶ. ಇದು ಮೇಲುನೋಟಕ್ಕೆ ಸಣ್ಣ ವಿಷಯ. ಆದರೆ ಹನೂರು ತಾಲ್ಲೂಕಿನ ಈ ಭಾಗದಲ್ಲಿ ಇದರ ಬೇರು ಕಾಡಿನವರೆಗೂ ಹೋಗಿದೆ.

ಮೊದಲು ಇಲ್ಲಿನ ದನಗಳನ್ನು ನೋಡಬೇಕು. ರಾಮಾಪುರ, ಕೌದಳ್ಳಿ, ಅಜ್ಜೀಪುರದಂಥ ಊರುಗಳೊಳಗೆ ಕೊಟ್ಟಿಗೆಯಲ್ಲಿ ಒಂದೋ ಎರಡೋ ಸೀಮೆಹಸು ಕಟ್ಟಿ, ಎರಡು ಹೊತ್ತು ಡೇರಿಗೆ ಹಾಲು ಹಾಕುವ ಮನೆಗಳಿವೆ. ನಾಲ್ ರೋಡ್ ದಾಟಿ ಹೂಗ್ಯಂ, ಮೀಣ್ಯಂ, ಗರಿಕೆಕಂಡಿ ಕಡೆ ತಿರುಗಿದರೆ ಕಾಡಂಚಿನಲ್ಲಿ ದೊಡ್ಡಿ ಹಾಕಿಕೊಂಡು ನಾಟಿ ದನ ಮೇಯಿಸುವವರು ಸಿಗುತ್ತಾರೆ. ಇವೆರಡರ ನಡುವೆ ಕುರಿ ಮಂದೆಗಳು ಕುಯ್ದ ಹೊಲ, ರಸ್ತೆ ಬದಿ, ಕೆರೆ ಅಂಗಳ ಅಂತ ಅಲೆಯುತ್ತಿರುತ್ತವೆ. ಹನೂರೂ ಸೇರಿದ ಕೊಳ್ಳೇಗಾಲ ಸೀಮೆ 1956ರವರೆಗೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಇಲ್ಲಿನ ದನದ ತಳಿಗಳಿಗೂ ಈಗಿನ ಗಡಿಯ ಹಂಗಿಲ್ಲ. ಕಾವೇರಿ ದಂಡೆಯ ಆಲಂಬಾಡಿಯ ಹೆಸರು ಹೊತ್ತ ತಳಿ, ಗಡಿಯಾಚೆ ಬರಗೂರು ಬೆಟ್ಟದಲ್ಲಿ ಕನ್ನಡ ಮಾತಾಡುವ ಲಿಂಗಾಯತರೂ ಸಾಕಿಕೊಂಡು ಬಂದ ಬರಗೂರು ತಳಿ, ಬಯಲಿನ ಹಳ್ಳಿಕಾರ್, ಎಲ್ಲವೂ ಈ ಬೆಟ್ಟಗಳ ಸುತ್ತ ಬೆಳೆದವೇ. ಇವುಗಳಿಗೆ ಯಾರೂ ಚೀಲದಿಂದ ಪುಡಿ ಎತ್ತಿ ಹಾಕಿದ್ದಿಲ್ಲ. ವಾರಕ್ಕೊಮ್ಮೆ ಉಪ್ಪು ಕಂಡರೆ ಅದೇ ದೊಡ್ಡದು.

ಪುಡಿಯ ಪರವಾದ ವಾದವನ್ನು ಅದರ ಪೂರ್ತಿ ಬಲದೊಡನೆ ಕೇಳಿಸಿಕೊಳ್ಳುವುದು ನ್ಯಾಯ. ಅದು ಯಾವುದೋ ಕಂಪನಿ ಹುಟ್ಟಿಸಿದ ಮಾತಲ್ಲ. ದಕ್ಷಿಣ ಆಫ್ರಿಕಾದಲ್ಲಿ ಆರ್ನಲ್ಡ್ ಥೈಲರ್ ಎಂಬ ಪಶುವೈದ್ಯ ವಿಜ್ಞಾನಿ ನೂರು ವರ್ಷದ ಹಿಂದೆ ಒಂದು ವಿಚಿತ್ರವನ್ನು ಬೆನ್ನಟ್ಟಿದರು. ಅಲ್ಲಿನ ದನಗಳು ಮೇವು ಬಿಟ್ಟು ಸತ್ತ ಪ್ರಾಣಿಗಳ ಮೂಳೆ ಕಡಿಯುತ್ತಿದ್ದವು, ಮೂಳೆಯಲ್ಲಿದ್ದ ವಿಷದಿಂದ ಕಾಲು ಬಿದ್ದು ಸಾಯುತ್ತಿದ್ದವು. ಹುಲ್ಲಿನಲ್ಲಿ ರಂಜಕ ಇಲ್ಲದ್ದೇ ಮೂಳೆಯ ಆಸೆಗೆ ಕಾರಣವೆಂದು ಥೈಲರ್ ತಂಡ ತೋರಿಸಿತು. ಮೂಳೆ ಪುಡಿ ಕೊಟ್ಟಾಗ ಚಟವೂ ನಿಂತಿತು, ಸಾವೂ ನಿಂತಿತು, ದನಗಳ ಮೈಯೂ ತುಂಬಿತು. ನಮ್ಮಲ್ಲೂ ಮೂಳೆ ಕಡಿಯುವ, ಚಪ್ಪಲಿ ಅಗಿಯುವ, ಬಟ್ಟೆ ತಿನ್ನುವ ಹಸುವನ್ನು ನೋಡದ ರೈತನಿಲ್ಲ. ‘ಅದಕ್ಕೆ ಕೆಟ್ಟ ಚಾಳಿ’ ಎಂದು ಬಾಯಿಗೆ ಕುಕ್ಕೆ ಕಟ್ಟಿ ಸುಮ್ಮನಾಗುತ್ತೇವೆ. ಹಸು ತನಗೇನು ಸಾಲದು ಎಂಬುದನ್ನು ತನಗೆ ಗೊತ್ತಿದ್ದ ರೀತಿಯಲ್ಲಿ ಹೇಳುತ್ತಿರುತ್ತದೆ.

ದನದ ಆಹಾರದ ಬಗೆಗಿನ ಇಂಥ ಸಂಶೋಧನೆ ನಮ್ಮ ಬೆಂಗಳೂರಿನಲ್ಲೂ ನಡೆದು ಬಂದಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1920ರ ದಶಕದಲ್ಲಿ ಎಫ್.ಜೆ. ವಾರ್ತ್ ಎಂಬ ವಿಜ್ಞಾನಿ ಬೆಂಗಳೂರಿನಲ್ಲಿದ್ದುಕೊಂಡು ದನಗಳ ಆಹಾರವನ್ನು ಅಳೆದು ತೂಗಿ ಲೆಕ್ಕ ಹಾಕುತ್ತಿದ್ದರು. ಆಡುಗೋಡಿಯಲ್ಲಿದ್ದ ಇಂಪೀರಿಯಲ್ ಪಶುಪಾಲನೆ ಮತ್ತು ಹೈನುಗಾರಿಕೆ ಸಂಸ್ಥೆಗೆ 1927ರಲ್ಲಿ ಗಾಂಧೀಜಿ ಬಂದು ಹಸು ಸಾಕಣೆಯ ಪಾಠ ಕೇಳಿದ್ದರು. ಅದೇ ಆಡುಗೋಡಿಯಲ್ಲಿ 1995ರಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಶುರುವಾಯಿತು. ಯಾವ ಪ್ರದೇಶದ ಮಣ್ಣು, ಮೇವು, ದನದ ರಕ್ತದಲ್ಲಿ ಯಾವ ಖನಿಜ ಕಡಿಮೆ ಎಂದು ನೋಡಿ, ಆ ಸೀಮೆಗೆ ಬೇಕಾದ್ದನ್ನು ಮಾತ್ರ ಸೇರಿಸಿ ಪುಡಿ ಮಾಡಬೇಕು ಎನ್ನುವ ಕೆಲಸದಲ್ಲಿ ಈ ಸಂಸ್ಥೆಗೆ ಹೆಸರಿದೆ. ಪ್ರದೇಶವಾರು ಖನಿಜ ಮಿಶ್ರಣ ಎಂದು ಕರೆಯುವುದು ಇದನ್ನೇ.

ಲೆಕ್ಕವನ್ನೂ ನೋಡೋಣ. ಒಂದು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 1.2 ಗ್ರಾಂ ಸುಣ್ಣದಂಶ, ಒಂದು ಗ್ರಾಂಗೆ ಸ್ವಲ್ಪ ಕಡಿಮೆ ರಂಜಕ ಇರುತ್ತದೆ. ಹತ್ತು ಲೀಟರ್ ಕರೆಯುವ ಸೀಮೆಹಸು ದಿನಕ್ಕೆ 12 ಗ್ರಾಂ ಸುಣ್ಣ, ಒಂಬತ್ತು ಗ್ರಾಂಗೂ ಮಿಕ್ಕಿ ರಂಜಕವನ್ನು ಕ್ಯಾನಿಗೆ ಸುರಿಯುತ್ತದೆ. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲವಾದ್ದರಿಂದ, ಅಷ್ಟು ಹೊರಗೆ ಹೋಗಬೇಕಾದರೆ ಅದಕ್ಕಿಂತ ಬಹಳ ಹೆಚ್ಚು ಒಳಗೆ ಬರಬೇಕು. ಮೈ ಕಾಪಾಡಿಕೊಳ್ಳಲು, ಹೊಟ್ಟೆಯ ಕರು ಬೆಳೆಸಲು ಬೇಕಾದದ್ದು ಬೇರೆ. ಆ ಹಸುವಿನ ಮುಂದಿರುವ ಗೋದಲಿಯಲ್ಲಿ ಏನಿದೆ? ರಾಗಿಹುಲ್ಲು, ಮುಸುಕಿನ ಜೋಳದ ದಂಟು, ಸಿಕ್ಕರೆ ಬದುವಿನ ಹಸಿಹುಲ್ಲು. ರಾಗಿಹುಲ್ಲಿನಲ್ಲಿ ಭತ್ತದ ಹುಲ್ಲಿಗಿಂತ ಸುಣ್ಣ ಹೆಚ್ಚಿದೆ ಎಂಬುದು ನಮ್ಮ ಸೀಮೆಯ ಭಾಗ್ಯ. ಭತ್ತದ ಹುಲ್ಲಿನಲ್ಲಿರುವ ಆಕ್ಸಲೇಟು ಇದ್ದ ಸುಣ್ಣವನ್ನೂ ಹಿಡಿದುಕೊಂಡುಬಿಡುತ್ತದೆ. ಆದರೆ ರಂಜಕದ ವಿಷಯದಲ್ಲಿ ಎಲ್ಲ ಒಣಹುಲ್ಲೂ ಬಡವೇ. ಮೇವಿನಲ್ಲಿ 0.25 ಶೇಕಡಾ ರಂಜಕ ಬೇಕು, ಸತು 30 ಪಿಪಿಎಂ ಬೇಕು, ತಾಮ್ರ 8 ಪಿಪಿಎಂ ಬೇಕು ಎಂದು ಸಂಶೋಧಕರು ಒಂದು ಗೆರೆ ಇಟ್ಟುಕೊಂಡಿದ್ದಾರೆ. ಒಣಹುಲ್ಲು ಆ ರಂಜಕದ ಗೆರೆಯ ಹತ್ತಿರಕ್ಕೂ ಬರುವುದಿಲ್ಲ.

ಕೊರತೆಯಾದಾಗ ಹಸು ಮೊದಲು ಬಿಟ್ಟುಕೊಡುವುದು ಬೆದೆಯನ್ನು. ಹಾಲು ಸ್ವಲ್ಪ ದಿನ ಮೂಳೆಯಿಂದಲೇ ಬರುತ್ತದೆ, ಮನೆಯವರಿಗೆ ಗೊತ್ತಾಗುವುದಿಲ್ಲ. ಮೂರು ತಿಂಗಳಿಗೆ ಗಬ್ಬವಾಗಬೇಕಾದ ಹಸು ಎಂಟು ತಿಂಗಳಿಗೂ ಆಗದಿದ್ದರೆ ಆ ಮನೆಯ ಒಂದು ಸೂಲು ಹಿಂದಕ್ಕೆ ಬಿತ್ತು. ದಿನಕ್ಕೆ 50 ಗ್ರಾಂ ಪುಡಿ, ಅಂದರೆ ತಿಂಗಳಿಗೆ ಒಂದೂವರೆ ಕಿಲೋ. ಕಳೆದುಹೋದ ತಿಂಗಳುಗಳ ಹಾಲಿನ ಬೆಲೆ ಹಾಕಿ ನೋಡಿದರೆ ಪುಡಿಯ ಖರ್ಚು ಎಣಿಕೆಗೇ ಬರುವುದಿಲ್ಲ. ಈ ವಾದದ ಮುಂದೆ ನನಗೆ ಸೀಮೆಹಸುವಿನ ಮಟ್ಟಿಗೆ ಎದುರಾಡಲು ಹೆಚ್ಚು ಜಾಗ ಕಾಣುವುದಿಲ್ಲ.

ಈಗ ಇನ್ನೊಂದು ಕಡೆಯ ಮಾತು. ಅದನ್ನು ಹಳ್ಳಿಯವರ ಅಜ್ಞಾನ ಎಂದು ತಳ್ಳಿಹಾಕುವವರು ಸಂಶೋಧನೆಯನ್ನು ಅರ್ಧ ಓದಿದವರು.

‘ಹುಲ್ಲಿಲ್ಲದ ಮೇಲೆ ಪುಡಿ ಏನು ಮಾಡುತ್ತದೆ’ ಎಂಬ ಪ್ರಶ್ನೆಗೆ ಉತ್ತರ ಆಸ್ಟ್ರೇಲಿಯಾದ ಉತ್ತರ ಭಾಗದ ಹುಲ್ಲುಗಾವಲುಗಳಲ್ಲಿ ಸಿಕ್ಕಿದೆ. ಅಲ್ಲೂ ನಮ್ಮ ಹಾಗೆ ಒಂದು ಮಳೆಗಾಲ, ಒಂದು ಉದ್ದನೆಯ ಒಣಗಾಲ. ಒಣಗಾಲದಲ್ಲಿ ಹುಲ್ಲು ಸತ್ವ ಕಳೆದುಕೊಂಡಾಗ ದನಕ್ಕೆ ರಂಜಕ ಕೊಟ್ಟರೆ ಪ್ರಯೋಜನ ತೀರ ಕಡಿಮೆ. ಏಕೆಂದರೆ ಆಗ ಮೊದಲು ಸಾಲದೇ ಹೋಗುವುದು ಪ್ರೋಟೀನು ಮತ್ತು ಶಕ್ತಿ. ಅದೇ ರಂಜಕವನ್ನು ಮಳೆಗಾಲದಲ್ಲಿ, ಹಸಿರು ತಿಂದು ದನ ಮೈ ಕೈ ತುಂಬಿಕೊಳ್ಳುವ ಹೊತ್ತಿನಲ್ಲಿ ಕೊಟ್ಟರೆ ಫಲ ಎದ್ದು ಕಾಣುತ್ತದೆ. ನಾವು ಮಾಡುವುದು ತಿರುಗುಮುರುಗು. ಫೆಬ್ರವರಿ ಮಾರ್ಚ್‌ನಲ್ಲಿ ದನ ಸೊರಗಿದಾಗ ಪುಡಿಯ ನೆನಪಾಗುತ್ತದೆ. ಹನೂರಿನ ಕಡೆ ಹಿಂಗಾರು ಜೋರಾಗಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಬೆಟ್ಟವೆಲ್ಲ ಹಸಿರಾದಾಗ, ‘ಈಗ ಮೇವಿದೆಯಲ್ಲ’ ಎಂದು ಪಾಕೀಟನ್ನು ಅಟ್ಟಕ್ಕೆ ಎಸೆಯುತ್ತೇವೆ. ಆ ಹೆಣ್ಣುಮಗಳು ಹುಲ್ಲಿಲ್ಲದ ಕಾಲಕ್ಕೆ ಪುಡಿ ಬೇಡ ಎಂದಿದ್ದು ಸರಿ. ಹುಲ್ಲಿರುವ ಕಾಲಕ್ಕೆ ಬೇಕು ಎಂಬ ಮಾತನ್ನು ಆಕೆಗೆ ಯಾರೂ ಹೇಳಿಕೊಟ್ಟಿಲ್ಲ.

ಕೊರತೆಯನ್ನು ಅಳೆಯುವ ರೀತಿಯಲ್ಲೂ ತೊಡಕಿದೆ. ರಕ್ತ ತೆಗೆದು ಸುಣ್ಣ ನೋಡಿದರೆ ಬಹುಪಾಲು ಹಸುಗಳಲ್ಲಿ ಅದು ಸರಿಯಾಗಿಯೇ ಇರುತ್ತದೆ. ರಕ್ತದ ಸುಣ್ಣ ಇಳಿಯದ ಹಾಗೆ ಗ್ರಂಥಿಗಳು ಮೂಳೆಯಿಂದ ತೆಗೆದು ಸರಿದೂಗಿಸುತ್ತಿರುತ್ತವೆ. ತಾಮ್ರದ ಸಂಗ್ರಹ ಇರುವುದು ಈಲಿಯಲ್ಲಿ. ಅಲ್ಲಿ ಬರಿದಾಗುವವರೆಗೂ ರಕ್ತದಲ್ಲಿ ಇಳಿಕೆ ಕಾಣುವುದಿಲ್ಲ. ಒಂದು ಜ್ವರ, ಒಂದು ಕೆಚ್ಚಲುಬಾವು ಬಂದರೆ ಸಾಕು, ರಕ್ತದ ತಾಮ್ರ ಏರುತ್ತದೆ, ಸತು ಇಳಿಯುತ್ತದೆ. ಆ ಹೊತ್ತಿಗೆ ತೆಗೆದ ರಕ್ತವನ್ನು ನಂಬಿ ಒಂದು ಜಿಲ್ಲೆಗೆಲ್ಲ ಸತು ಕಡಿಮೆ ಎನ್ನಲಾಗದು. ಹಳ್ಳಿಗಳಲ್ಲಿ ನಡೆಯುವ ಎಷ್ಟೋ ಪ್ರಯೋಗಗಳಲ್ಲಿ ಪುಡಿ ಕೊಟ್ಟ ಮನೆಗೆ ವೈದ್ಯರು ಮತ್ತೆ ಮತ್ತೆ ಹೋಗುತ್ತಾರೆ, ಜಂತಿನ ಔಷಧ ಕುಡಿಸುತ್ತಾರೆ, ಮನೆಯವರೂ ಮೇವಿನ ಕಡೆ ಲಕ್ಷ್ಯ ಕೊಡುತ್ತಾರೆ. ಕೊನೆಗೆ ಹಾಲು ಹೆಚ್ಚಿದ್ದಕ್ಕೆ ಪುಡಿಗೇ ಹೆಸರು ಬರುತ್ತದೆ.

ಹೆಚ್ಚು ಕೊಟ್ಟರೆ ಹೆಚ್ಚು ಲಾಭ ಎನ್ನುವ ನಂಬಿಕೆಗೂ ಪೆಟ್ಟು ಬಿದ್ದಿದೆ. ಅಮೆರಿಕದಲ್ಲಿ ಬಹಳ ವರ್ಷ ಹಸು ಬೇಗ ಗಬ್ಬವಾಗಲಿ ಎಂದು ಅಗತ್ಯಕ್ಕಿಂತ ಹೆಚ್ಚು ರಂಜಕ ತಿನ್ನಿಸುತ್ತಿದ್ದರು. ವಿಸ್ಕಾನ್ಸಿನ್‌ನ ಸಂಶೋಧಕರು 2000ದ ಆಸುಪಾಸಿನಲ್ಲಿ ಅದನ್ನು ಪರೀಕ್ಷೆಗೆ ಒಡ್ಡಿದಾಗ, ಬೇಕಾದಷ್ಟು ಸಿಕ್ಕ ಹಸುವಿಗೆ ಮೇಲಿಂದ ರಂಜಕ ಕೊಟ್ಟರೆ ಗರ್ಭ ಕಟ್ಟುವುದರಲ್ಲಿ ಏನೂ ಹೆಚ್ಚಳ ಕಾಣಲಿಲ್ಲ. ಹೆಚ್ಚಾದದ್ದು ಸಗಣಿಯ ಮೂಲಕ ಕೆರೆ ಹೊಳೆ ಸೇರುತ್ತಿತ್ತು, ಅಷ್ಟೇ. ನಮ್ಮ ಹಸುಗಳಿಗೆ ಅಷ್ಟು ಹೆಚ್ಚಾಗುವ ಭಯ ಸದ್ಯಕ್ಕಿಲ್ಲ. ಆದರೂ ಡೇರಿಯಿಂದ ದಿನಕ್ಕೆ ನಾಲ್ಕು ಕಿಲೋ ಫೀಡ್ ತಂದು ಹಾಕುವವರು ಒಂದು ತಿಳಿದಿರಬೇಕು: ಕಾರ್ಖಾನೆ ಫೀಡಿಗೆ ಸಾಮಾನ್ಯವಾಗಿ ಖನಿಜ ಮಿಶ್ರಣವನ್ನೂ ಉಪ್ಪನ್ನೂ ಮೊದಲೇ ಬೆರೆಸಿರುತ್ತಾರೆ. ಚೀಲದ ಮೇಲಿನ ಚೀಟಿ ಓದದೆ ಮೇಲಿಂದ ಇನ್ನೊಂದು ಪಾಕೀಟು ಕೊಳ್ಳುವುದು ಎರಡು ಸಲ ದುಡ್ಡು ಕೊಟ್ಟ ಹಾಗೆ.

ಬೂಸಾದ ಲೆಕ್ಕ ಇನ್ನೂ ಕಣ್ಣು ತೆರೆಸುತ್ತದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 1664 ಪ್ರಕಾರ ಒಳ್ಳೆಯ ಖನಿಜ ಮಿಶ್ರಣದಲ್ಲಿ ಕನಿಷ್ಠ 20 ಶೇಕಡಾ ಸುಣ್ಣ, 12 ಶೇಕಡಾ ರಂಜಕ ಇರಬೇಕು. 50 ಗ್ರಾಂ ಪುಡಿ ಎಂದರೆ 10 ಗ್ರಾಂ ಸುಣ್ಣ, ಆರು ಗ್ರಾಂ ರಂಜಕ. ಗೋಧಿ ಬೂಸಾದಲ್ಲಿ ರಂಜಕ ಸುಮಾರು ಒಂದು ಶೇಕಡಾ ಇರುವುದರಿಂದ ಒಂದು ಕಿಲೋ ಬೂಸಾ ಹತ್ತು ಗ್ರಾಂ ರಂಜಕ ಕೊಡುತ್ತದೆ, ಅಕ್ಕಿ ತೌಡು ಅದಕ್ಕಿಂತಲೂ ಹೆಚ್ಚು. ಕೋಳಿಗೆ, ಹಂದಿಗೆ ಆ ರಂಜಕ ಅಷ್ಟಾಗಿ ದಕ್ಕುವುದಿಲ್ಲ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಬಿಡಿಸಿ ಕೊಡುತ್ತವೆ. ಬೂಸಾದಲ್ಲಿ ಸುಣ್ಣ ಕಡಿಮೆ, ಅದು ಮರದ ಸೊಪ್ಪಿನಲ್ಲೂ ಹುರುಳಿ ಹೊಟ್ಟಿನಲ್ಲೂ ರಾಗಿಹುಲ್ಲಿನಲ್ಲೂ ಇದೆ. ನಮ್ಮ ಅಜ್ಜಿಯರು ಕಲಗಚ್ಚಿಗೆ ಒಂದು ಹಿಡಿ ತೌಡು, ಒಂದಿಷ್ಟು ಹಿಂಡಿ, ಒಂದು ಚಿಟಿಕೆ ಉಪ್ಪು ಹಾಕಿ, ಕೈಯಲ್ಲಿ ಕದಡಿ, ಹಸುವಿನ ಮೂತಿಗೆ ಹಿಡಿಯುತ್ತಿದ್ದರು. ಎರಡು ಲೀಟರ್ ಹಾಲಿನ ಹಸುವಿಗೆ ಆ ಬಾನಿಯಲ್ಲಿ ಬೇಕಾದ್ದು ಹೆಚ್ಚುಕಡಿಮೆ ಇತ್ತು. ಹತ್ತು ಲೀಟರ್ ಹಸುವಿಗೆ ಅದು ಸಾಲುವುದಿಲ್ಲ ಎಂಬುದೂ ಅಷ್ಟೇ ನಿಜ. ಹಳೆಯದನ್ನು ಹೊಗಳುವವರು ಮರೆಯುವುದು ಈ ಎರಡನೆಯ ವಾಕ್ಯವನ್ನು.

ಪಾಕೀಟಿನ ಹಿಂಬದಿಯ ಸಣ್ಣಕ್ಷರ ಓದುವ ಅಭ್ಯಾಸವೂ ನಮಗೆ ಬೇಕು. ಫ್ಲೋರಿನ್ 0.07 ಶೇಕಡಾಕ್ಕಿಂತ ಹೆಚ್ಚಿರಕೂಡದು ಎಂಬ ಷರತ್ತು ಆ ಮಾನಕದಲ್ಲಿದೆ. ಫ್ಲೋರಿನ್ ತೆಗೆಯದ ರಂಜಕದ ಕಲ್ಲನ್ನು ಕುಟ್ಟಿ ಅಗ್ಗಕ್ಕೆ ಪುಡಿ ಮಾಡಿ ಮಾರಿದರೆ, ಹಸುವಿನ ಹಲ್ಲು ಸವೆದು ಕೀಲು ಬಿಗಿದುಕೊಳ್ಳುತ್ತವೆ. ಸಂತೆಯಲ್ಲಿ ಹೆಸರಿಲ್ಲದ ಚೀಲದಿಂದ ಬಿಡಿಯಾಗಿ ಕೊಂಡ ಪುಡಿಯಲ್ಲಿ ಏನಿದೆ ಎಂದು ಯಾರು ಹೇಳಬಲ್ಲರು?

ಕುರಿಯ ವಿಷಯಕ್ಕೆ ಬಂದರೆ ನನ್ನ ಧ್ವನಿ ಸ್ವಲ್ಪ ಗಟ್ಟಿಯಾಗುತ್ತದೆ. ದನಕ್ಕೆ ತಂದ ಪುಡಿಯನ್ನೇ ಕುರಿಗೂ ಹಾಕುವುದು ಎಲ್ಲ ಕಡೆ ನಡೆಯುವ ವಾಡಿಕೆ. ದನ ತಾಮ್ರವನ್ನು ಸಾಕಷ್ಟು ತಡೆದುಕೊಳ್ಳುತ್ತದೆ, ಕುರಿಗೆ ಆ ಶಕ್ತಿ ಇಲ್ಲ. ತಿಂದ ತಾಮ್ರವನ್ನು ಹೊರಹಾಕುವುದಕ್ಕೆ ಬರದೆ ಕುರಿ ಅದನ್ನು ಈಲಿಯಲ್ಲಿ ಕೂಡಿಡುತ್ತಾ ಹೋಗುತ್ತದೆ. ತಿಂಗಳುಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಯಾವುದೋ ಒಂದು ದಿನ, ದೂರ ಅಟ್ಟಿಕೊಂಡು ಹೋದಾಗಲೋ ಮೇವು ತಪ್ಪಿದಾಗಲೋ, ಈಲಿ ಒಮ್ಮೆಗೇ ತಾಮ್ರವನ್ನು ರಕ್ತಕ್ಕೆ ಬಿಡುತ್ತದೆ. ಕಣ್ಣಿನ ಒಳರೆಪ್ಪೆ ಹಳದಿಯಾಗುತ್ತದೆ, ಗಂಜಲ ಕೆಂಪು ಕಂದಾಗುತ್ತದೆ, ಒಂದೆರಡು ದಿನಕ್ಕೆ ಕುರಿ ಬೀಳುತ್ತದೆ. ಕುರಿಗಾರ ‘ಕಾಮಾಲೆ’ ಎಂದುಕೊಳ್ಳುತ್ತಾನೆ, ‘ಏನೋ ವಿಷದ ಸೊಪ್ಪು ತಿಂತು’ ಎಂದುಕೊಳ್ಳುತ್ತಾನೆ.

ಲೆಕ್ಕ ಹೀಗೆ. ಐಎಸ್ 1664ರ ಮಿಶ್ರಣದಲ್ಲಿ ತಾಮ್ರ 0.1 ಶೇಕಡಾ. ಕುರಿಗೆ 10 ಗ್ರಾಂ ಹಾಕಿದರೆ 10 ಮಿಲಿಗ್ರಾಂ ತಾಮ್ರ ಹೋಗುತ್ತದೆ. ಒಂದು ಕಿಲೋ ಒಣ ಮೇವು ತಿನ್ನುವ ಕುರಿಗೆ ಮೇವಿನಿಂದಲೇ ಐದಾರು ಮಿಲಿಗ್ರಾಂ ಬಂದಿರುತ್ತದೆ. ಎರಡೂ ಸೇರಿದರೆ ಕುರಿಗೆ ಬೇಕಾದ್ದಕ್ಕಿಂತ ಹೆಚ್ಚೇ ಆಗಿ, ಅಪಾಯದ ಗೆರೆಯ ಹತ್ತಿರ ಬರುತ್ತದೆ. ಅಳತೆಯಿಲ್ಲದೆ ಒಂದು ಹಿಡಿ ಎರಚಿದರೆ ಗೆರೆ ದಾಟಿದ ಹಾಗೆಯೇ. ಇದಕ್ಕೆ ಪ್ರತಿಯಾಗಿ ಹೇಳಬೇಕಾದ್ದೂ ಇದೆ: ಮೇವಿನಲ್ಲಿ ಮಾಲಿಬ್ಡಿನಂ, ಗಂಧಕ, ಕಬ್ಬಿಣ ಹೆಚ್ಚಿದ್ದರೆ ತಾಮ್ರ ಮೈಗೆ ಹತ್ತುವುದೇ ಕಡಿಮೆಯಾಗುತ್ತದೆ, ಅಂಥ ಕಡೆ ಮರಿಗಳು ಹಿಂಗಾಲು ಎಳೆಯುತ್ತಾ ಹುಟ್ಟುವಷ್ಟು ತಾಮ್ರದ ಬರವೂ ಕುರಿಗೆ ಬರುತ್ತದೆ. ಹಾಗಾಗಿ ಕುರಿಗೆ ಖನಿಜ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಕುರಿಗೆ ಕುರಿಯದೇ ಪುಡಿ ಬೇಕು, ಅಳೆದು ಹಾಕಬೇಕು, ಅದು ಸಿಗದಿದ್ದರೆ ಉಪ್ಪು ಮತ್ತು ಜಾಲಿಕಾಯಿ ಸಾಕು. ದನದ ಪುಡಿಯನ್ನು ಮಂದೆಯ ಮುಂದೆ ಎರಚುವುದಕ್ಕಿಂತ ಏನೂ ಹಾಕದಿರುವುದು ವಾಸಿ.

ಇಷ್ಟರವರೆಗೆ ತಕ್ಕಡಿ ಒಂದು ಬಗೆಯಲ್ಲಿ ನಿಂತಿದೆ. ಕೊಟ್ಟಿಗೆಯ ಸೀಮೆಹಸುವಿಗೆ ಪುಡಿ ಬೇಕು, ಮೇವು ಸರಿಯಿದ್ದಾಗ ಬೇಕು. ಕುರಿಗೆ ದನದ ಪುಡಿ ಬೇಡ. ಉಳಿದದ್ದು ದೊಡ್ಡಿಯ ದನ.

ದೊಡ್ಡಿಯ ದನ ಬೆಳಿಗ್ಗೆ ಬಿಟ್ಟರೆ ಸಂಜೆಯವರೆಗೂ ನಡೆಯುತ್ತಲೇ ತಿನ್ನುತ್ತದೆ. ಕರಡದ ಎಳೆಹುಲ್ಲು ಒಂದು ಬಾಯಿ, ಕಗ್ಗಲಿಯ ಚಿಗುರು ಒಂದು ಬಾಯಿ, ಬಿದಿರಿನ ಎಲೆ, ಎಲಚಿ, ಉದುರಿದ ಹೂವು, ಹಳ್ಳದ ದಂಡೆಯ ಚೌಳು ಮಣ್ಣು. ಬೇರು ಆಳಕ್ಕೆ ಬಿಟ್ಟ ಮರ ಕೆಳಗಿನ ಮಣ್ಣಿನಿಂದ ಸುಣ್ಣವನ್ನೂ ಸೂಕ್ಷ್ಮ ಖನಿಜಗಳನ್ನೂ ಎಲೆಗೆ ಎತ್ತಿ ತರುತ್ತದೆ. ಹುಲ್ಲಿನಲ್ಲಿ ಇಲ್ಲದ್ದು ಸೊಪ್ಪಿನಲ್ಲಿ, ಸೊಪ್ಪಿನಲ್ಲಿ ಇಲ್ಲದ್ದು ಕಾಯಿಯಲ್ಲಿ ಸಿಗಬಹುದು. ಆ ಹಸು ಕರುವಿಗೆ ಬಿಟ್ಟು ಒಂದು ಲೀಟರ್ ಕೊಟ್ಟರೆ ಹೆಚ್ಚು. ಅದರ ಖರ್ಚೇ ಕಡಿಮೆ, ಹಾಗಾಗಿ ಅದಕ್ಕೆ ಪುಡಿಯ ಅಗತ್ಯ ಅಷ್ಟಾಗಿ ಇಲ್ಲ. ಹಾಗಂತ ಕಾಡೆಂದರೆ ತುಂಬಿದ ಕಣಜವೂ ಅಲ್ಲ. ಮರದ ಸೊಪ್ಪಿನಲ್ಲಿ ಸುಣ್ಣ ಯಥೇಚ್ಛ, ರಂಜಕ ಕಡಿಮೆ, ಒಗರಿನ ಅಂಶ ಪ್ರೋಟೀನನ್ನು ಹಿಡಿದಿಡುತ್ತದೆ. ಲಂಟಾನ ಎಂಬ ಕಳೆಗಿಡ ಹಬ್ಬಿದ ಕಡೆ ಹುಲ್ಲು ಎದ್ದೇ ಇಲ್ಲ. ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಿಂದ 2008ರ ನಡುವೆ ಲಂಟಾನ ಎಷ್ಟು ವೇಗವಾಗಿ ಹರಡಿತು ಎಂದು ಅಶೋಕ ಪರಿಸರ ಸಂಶೋಧನಾ ಟ್ರಸ್ಟಿನ ಸಂಶೋಧಕರು ದಾಖಲಿಸಿದ್ದಾರೆ. ನಮ್ಮ ಮಾದಪ್ಪನ ಬೆಟ್ಟದ, ಅಂದರೆ ಮಲೆ ಮಹದೇಶ್ವರ ಬೆಟ್ಟದ, ಕಾಡೂ ಅದಕ್ಕೆ ಹೊರತಲ್ಲ. ದೊಡ್ಡಿಯ ದನ ಮೂಳೆ ಎದ್ದು ತಿರುಗುವುದಕ್ಕೆ ಖನಿಜಕ್ಕಿಂತ ಮೊದಲಿನ ಕಾರಣ ಇದೇ ಎಂದು ನನ್ನ ನಂಬಿಕೆ.

ಈ ದನವೇ ಈಗ ದೊಡ್ಡ ವಿವಾದದ ನಡುವೆ ನಿಂತಿದೆ. ಮಲೆ ಮಹದೇಶ್ವರ ವನ್ಯಜೀವಿಧಾಮ ಘೋಷಣೆಯಾದದ್ದು 2013ರಲ್ಲಿ, ವಿಸ್ತೀರ್ಣ 900 ಚದರ ಕಿಲೋಮೀಟರಿಗೂ ಹೆಚ್ಚು. 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತು ಸಿಕ್ಕವು. ಸತ್ತ ಹಸುವಿನ ಮೈಗೆ ಹಾಕಿದ ವಿಷ ಅವುಗಳ ಹೊಟ್ಟೆ ಸೇರಿತ್ತು. ಮುಂದಿನ ತಿಂಗಳೇ ಅರಣ್ಯ ಸಚಿವ ಈಶ್ವರ ಖಂಡ್ರೆ ಕಾಡಿನಲ್ಲಿ ದನ ಮೇಯಿಸುವುದನ್ನು ತಡೆಯಲು ಕ್ರಮ ಕೈಗೊಳ್ಳಿ ಎಂದು ಅಧಿಕಾರಿಗಳಿಗೆ ಸೂಚಿಸಿದರು. ಗಡಿಯಾಚೆ ಮದ್ರಾಸ್ ಹೈಕೋರ್ಟು 2022ರಲ್ಲಿ ಇಂಥದ್ದೇ ಆದೇಶ ಕೊಟ್ಟು, ಆಮೇಲೆ ಅದನ್ನು ವನ್ಯಜೀವಿಧಾಮ, ರಾಷ್ಟ್ರೀಯ ಉದ್ಯಾನ, ಹುಲಿ ಸಂರಕ್ಷಿತ ಪ್ರದೇಶಗಳಿಗೆ ಮಿತಿಗೊಳಿಸಿತ್ತು. ಸಚಿವರ ಸೂಚನೆಯ ವಿರುದ್ಧ ಇಲ್ಲಿನ ದನಗಾರರು ಎದ್ದು ನಿಂತರು. ತಲೆತಲಾಂತರದಿಂದ ಮೇಯಿಸಿಕೊಂಡು ಬಂದದ್ದನ್ನು ಒಂದು ಕಾಗದದಲ್ಲಿ ನಿಲ್ಲಿಸುವುದು ಹೇಗೆ ಎಂದರು. 2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವ ಹಕ್ಕನ್ನು ಹೆಸರಿಸಿಯೇ ಗುರುತಿಸಿದೆ ಎಂಬುದು ಅವರ ಪರವಾದ ಗಟ್ಟಿ ಮಾತು.

ಕಾಡಿನ ಪರವಾದ ಮಾತೂ ಖನಿಜದ ಲೆಕ್ಕದಲ್ಲೇ ಗಟ್ಟಿಯಾಗಿ ಕೇಳುತ್ತದೆ. ದೊಡ್ಡಿಯಿಂದ ಹೊರಬರುವ ದೊಡ್ಡ ಉತ್ಪತ್ತಿ ಹಾಲಲ್ಲ, ಗೊಬ್ಬರ. ನಮ್ಮದೇ ಜಿಲ್ಲೆಯ ಬಂಡೀಪುರದ ಅಂಚಿನಲ್ಲಿ ಎಂ.ಡಿ. ಮಧುಸೂದನ್ ಮಾಡಿದ, 2005ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಬಿಡಿಸಿ ತೋರಿಸಿತು: ಕಾಫಿಯ ಬೆಲೆ ಏರಿದಾಗ ತೋಟಗಳಿಗೆ ಸಗಣಿ ಗೊಬ್ಬರದ ಬೇಡಿಕೆ ಏರುತ್ತದೆ, ಆಗ ಗೊಬ್ಬರಕ್ಕಾಗಿಯೇ ದನ ಸಾಕಿ ಕಾಡಿಗೆ ಅಟ್ಟುವುದು ಹೆಚ್ಚುತ್ತದೆ. ಹಗಲು ಕಾಡಿನಲ್ಲಿ ತಿಂದದ್ದನ್ನು ದನ ರಾತ್ರಿ ದೊಡ್ಡಿಯಲ್ಲಿ ಹಾಕುತ್ತದೆ. ಅದು ಲಾರಿಯಲ್ಲಿ ತೋಟಕ್ಕೆ ಹೋದರೆ, ಕಾಡಿನ ಮಣ್ಣಿನಲ್ಲಿದ್ದ ರಂಜಕ, ಸುಣ್ಣ, ಸತು ವರ್ಷವರ್ಷ ಕಾಡು ಬಿಟ್ಟು ಹೋಗುತ್ತಿವೆ ಎಂದೇ ಅರ್ಥ. ಜಿಂಕೆಗೂ ಕಾಟಿಗೂ ಆನೆಗೂ ಬೇಕಾದದ್ದು ಅದೇ ಖನಿಜ. ದನ ಕಡಿಮೆಯಾದ ಕಡೆ ಕಾಡುಪ್ರಾಣಿಗಳು ಚೇತರಿಸಿಕೊಂಡದ್ದನ್ನೂ ಮಧುಸೂದನ್ ಬಂಡೀಪುರದಲ್ಲೇ ಕಂಡಿದ್ದರು. ಒಂದು ಮನೆಯ ಹತ್ತು ದನಕ್ಕೂ, ಹೊರಗಿನ ಸಾಹುಕಾರರು ಕೂಲಿ ಕೊಟ್ಟು ನೂರಾರು ದನ ಕಾಡಿಗೆ ಬಿಡುವುದಕ್ಕೂ ವ್ಯತ್ಯಾಸವಿದೆ. ಎರಡನ್ನೂ ಒಂದೇ ನಿಷೇಧದಲ್ಲಿ ಕಟ್ಟುವುದು ತಪ್ಪು. ಎರಡನೆಯದನ್ನು ಮೊದಲನೆಯದರ ಮರೆಯಲ್ಲಿ ಉಳಿಸುವುದೂ ತಪ್ಪು.

ನಿಷೇಧದ ಮಾತಾಡುವವರು, ಅದನ್ನು ವಿರೋಧಿಸುವವರು ಇಬ್ಬರೂ ಎತ್ತದ ಒಂದು ಅಂಶವೇ ನನ್ನನ್ನು ಇದನ್ನು ಬರೆಯಲು ಹಚ್ಚಿದ್ದು. ದನವನ್ನು ಕಾಡಿನಿಂದ ಹೊರಗೆ ತಂದ ಮರುದಿನವೇ ಅದರ ಆಹಾರ ಬದಲಾಗುತ್ತದೆ. ಹತ್ತಾರು ಗಿಡದಿಂದ ಆರಿಸಿ ತಿನ್ನುತ್ತಿದ್ದ ಪ್ರಾಣಿ ರಾಗಿಹುಲ್ಲು, ಜೋಳದ ದಂಟು ಎರಡಕ್ಕೆ ಕಟ್ಟುಬೀಳುತ್ತದೆ. ಈವರೆಗೆ ನಾಟಿ ದನಕ್ಕೆ ಪುಡಿ ಬೇಡ ಎಂದು ನಾನು ಹೇಳಿದ್ದೆಲ್ಲ ಆ ಕ್ಷಣಕ್ಕೆ ಸುಳ್ಳಾಗುತ್ತದೆ. ಆಗ ಅದಕ್ಕೂ ಪುಡಿ ಬೇಕು, ಪುಡಿಗಿಂತ ಮೊದಲು ಮೇವು ಬೇಕು. ಒಂದು ಲೀಟರ್ ಹಾಲಿನ ದನದ ಮೇಲೆ ಅಷ್ಟು ಖರ್ಚು ಮಾಡಲು ಯಾವ ರೈತನಿಗೂ ಕಟ್ಟುವುದಿಲ್ಲವಾದ್ದರಿಂದ, ಅವನು ಅದನ್ನು ಮಾರಿ ಸೀಮೆಹಸು ತರುತ್ತಾನೆ, ಇಲ್ಲವೆ ದನವನ್ನೇ ಬಿಡುತ್ತಾನೆ. ಪುಡಿ ಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವುದು ಪ್ರಯೋಗಶಾಲೆಗಿಂತ ಹೆಚ್ಚಾಗಿ ದನ ಎಲ್ಲಿ ಮೇಯುತ್ತದೆ ಎಂಬುದು. ಆಲಂಬಾಡಿ, ಬರಗೂರು ಉಳಿಸಬೇಕು ಎನ್ನುವವರು ಆ ತಳಿಯ ಜೊತೆ ಅದು ತಿನ್ನುವ ಕಾಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಮಿಳುನಾಡು ಬರಗೂರು ತಳಿಗೆಂದೇ ಒಂದು ಸಂಶೋಧನಾ ಕೇಂದ್ರ ತೆರೆದಿದೆ. ನಮ್ಮ ಕಡೆಯ ಬೆಟ್ಟದ ದನಕ್ಕೂ ಅಷ್ಟು ಗಮನ ಸಿಗಬೇಕಲ್ಲವೇ?

ನನ್ನ ತೀರ್ಪು ಕೇಳಿದರೆ, ಸಣ್ಣ ಹಿಡುವಳಿಯವರ ಸ್ವಂತ ದನಕ್ಕೆ ವನ್ಯಜೀವಿಧಾಮದ ಅಂಚಿನಲ್ಲಿ ಗೊತ್ತಾದ ಜಾಗ, ಗೊತ್ತಾದ ಸಂಖ್ಯೆ, ಗೊತ್ತಾದ ತಿಂಗಳುಗಳ ಮೇಯುವಿಕೆ ಉಳಿಯಬೇಕು. ಗೊಬ್ಬರದ ವ್ಯಾಪಾರಕ್ಕೆ ಬಿಟ್ಟ ಮಂದೆ ಹೊರಬರಬೇಕು. ಲಂಟಾನ ಕಿತ್ತು ಹುಲ್ಲು ಎಬ್ಬಿಸುವ ಕೆಲಸಕ್ಕೆ ದನಗಾರರನ್ನೂ ಸೋಲಿಗರನ್ನೂ ಕೂಲಿ ಕೊಟ್ಟು ಸೇರಿಸಿಕೊಳ್ಳಬೇಕು. ಕಾಡಿಗೆ ಹೋಗದ ದನಕ್ಕೆ ಸರ್ಕಾರ ಮೇವನ್ನೂ ಪುಡಿಯನ್ನೂ ಒಟ್ಟಿಗೆ ಕೊಡಬೇಕು. ಬರೀ ಪಾಕೀಟು ಹಂಚಿ ಫೋಟೋ ತೆಗೆಸಿಕೊಂಡರೆ ದನದ ಹೊಟ್ಟೆ ತುಂಬುವುದಿಲ್ಲ.

ಇನ್ನೊಂದು ಕೆಲಸ ಈಗಲೇ ಆಗಬೇಕು, ಆಮೇಲೆ ಆಗುವುದಿಲ್ಲ. ಹೂಗ್ಯಂ, ಮೀಣ್ಯಂ ಕಡೆಯ ದೊಡ್ಡಿಗಳಲ್ಲಿ ದನ ಇನ್ನೂ ಕಾಡಿನಲ್ಲಿ ಮೇಯುತ್ತಿರುವಾಗಲೇ, ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ, ಅವು ತಿನ್ನುವ ಸೊಪ್ಪು, ಹುಲ್ಲು, ನೆಕ್ಕುವ ಮಣ್ಣು, ಅವುಗಳ ರಕ್ತ, ಸತ್ತ ದನದ ಈಲಿಯ ಚೂರು ಇಷ್ಟನ್ನೂ ತೆಗೆದು ಪರೀಕ್ಷೆ ಮಾಡಬೇಕು. ಯಾವ ಗಿಡವನ್ನು ಯಾವ ತಿಂಗಳಲ್ಲಿ ದನ ಹುಡುಕಿಕೊಂಡು ಹೋಗುತ್ತದೆ ಎಂದು ದನಗಾರರನ್ನು ಕೂರಿಸಿ ಬರೆದುಕೊಳ್ಳಬೇಕು. ಅದೇ ವಾರ ರಾಮಾಪುರದ ಕೊಟ್ಟಿಗೆಯ ಹಸುಗಳ ರಕ್ತವನ್ನೂ ತೆಗೆದು ಪಕ್ಕದಲ್ಲಿಟ್ಟು ನೋಡಬೇಕು. ಆಡುಗೋಡಿಯ ಸಂಸ್ಥೆ ಇಲ್ಲಿಂದ ಒಂದು ದಿನದ ದಾರಿಯೂ ಅಲ್ಲ. ಹೆಬ್ಬಾಳದ ಪಶುವೈದ್ಯ ಕಾಲೇಜಿನ ವಿದ್ಯಾರ್ಥಿಗಳಿಗೆ ಇದು ಒಂದು ಒಳ್ಳೆಯ ಪ್ರಬಂಧವಾಗುತ್ತದೆ. ಮೇಯುವಿಕೆ ಉಳಿದರೆ ಅಲ್ಲಿಗೆ ಯಾವ ಖನಿಜ ಬೇಕು ಎಂದು ಆ ಲೆಕ್ಕದಿಂದ ತಿಳಿಯುತ್ತದೆ. ನಿಂತುಹೋದರೆ ಕಾಡು ಕೊಡುತ್ತಿದ್ದದ್ದರಲ್ಲಿ ಎಷ್ಟನ್ನು ಚೀಲದಿಂದ ತುಂಬಿಕೊಡಬೇಕು ಎಂದು ತಿಳಿಯುತ್ತದೆ. ದನ ಒಮ್ಮೆ ದೊಡ್ಡಿ ಬಿಟ್ಟು ಕೊಟ್ಟಿಗೆಗೆ ಬಂದಮೇಲೆ ಆ ರಕ್ತ ಎಲ್ಲೂ ಸಿಗುವುದಿಲ್ಲ.